ಒಬ್ಬರ ಜೇಬಿನಲ್ಲಿರುವ ಮನೆಯ ಅಂತರ್ಜಾಲ



ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಹೋಗಿ ನೆಲೆಸುವ ಕನ್ನಡ ಕುಟುಂಬವು ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೇ ಎರಡು ಅನುಕೂಲಗಳನ್ನು ಹುಡುಕುತ್ತದೆ: ಒಂದು ಅಡುಗೆ ಅನಿಲ, ಮತ್ತೊಂದು ಅಂತರ್ಜಾಲ. ಹನ್ನೊಂದು ತಿಂಗಳ ಕರಾರಿನ ಮನೆಗೆ ತಂತಿ ಎಳೆಸುವುದು ಅನೇಕರಿಗೆ ವ್ಯರ್ಥ ಖರ್ಚಾಗಿ ತೋರುತ್ತದೆ. ಆದುದರಿಂದ ಯಜಮಾನರ ಮೊಬೈಲಿಗೆ ಪ್ರೀಪೇಯ್ಡ್ ರೀಚಾರ್ಜ್ ಮಾಡಿಸಿ, ಅದರ ಹಾಟ್‌ಸ್ಪಾಟ್‌ನಿಂದಲೇ ಮನೆಮಂದಿಯೆಲ್ಲ ಕೆಲಸ ಸಾಗಿಸುತ್ತಾರೆ. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಊರಿನಲ್ಲಿರುವ ಅಜ್ಜಿಯೊಡನೆ ಕನ್ನಡದ ಮಾತು, ಎಲ್ಲವೂ ಆ ಒಂದೇ ಸಿಮ್ಮಿನ ಆಸರೆಯಲ್ಲಿ ನಡೆಯುತ್ತವೆ. ಈ ಸಣ್ಣ ಏರ್ಪಾಡಿನೊಳಗೆ ಮನೆಯ ನ್ಯಾಯದ ಪ್ರಶ್ನೆಯೂ ಇದೆ, ನಾಡಿನ ನೀತಿಯ ಪ್ರಶ್ನೆಯೂ ಇದೆ.

ಹಾಟ್‌ಸ್ಪಾಟ್ ಎಂಬುದು ಗಹನವಾದ ವಿದ್ಯೆಯೇನಲ್ಲ. ಗೋಪುರದಿಂದ ಬರುವ ಮೊಬೈಲ್ ಸಂಕೇತವನ್ನು ಫೋನು ಸ್ವೀಕರಿಸಿ, ಅದನ್ನೇ ವೈಫೈ ಆಗಿ ಸುತ್ತಲಿನ ಉಪಕರಣಗಳಿಗೆ ಹಂಚುತ್ತದೆ. ಹಿಂದೆ ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಮುಂತಾದ ಡಾಂಗಲ್‌ಗಳು ಒಂದು ಕಂಪ್ಯೂಟರಿಗೆ ಮಾತ್ರ ಸಿಕ್ಕಿಸುವಂಥವಾಗಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಡೇಟಾದ ಬೆಲೆ ಕುಸಿಯಿತು. ಅಂಗೈಯಗಲದ ಜಿಯೋಫೈ ಪೆಟ್ಟಿಗೆಯೂ ಫೋನಿನ ಹಾಟ್‌ಸ್ಪಾಟೂ ಮನೆಮಾತಾದವು. 2015ರ ಜುಲೈ 3ರಿಂದ ದೇಶದಾದ್ಯಂತ ಸಂಖ್ಯೆಯನ್ನು ಬದಲಿಸದೆಯೇ ಕಂಪನಿ ಬದಲಿಸುವ ಅವಕಾಶ ದೊರೆತುದರಿಂದ, ಹುಬ್ಬಳ್ಳಿಯ ಸಂಖ್ಯೆಯನ್ನು ವಿಜಯವಾಡದಲ್ಲಿಯೂ ಉಳಿಸಿಕೊಳ್ಳುವುದು ಸುಲಭವಾಯಿತು.

ಆದರೆ ಅಗ್ಗದ ಕಾಲ ಹಾಗೆಯೇ ಉಳಿಯಲಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ದೊಡ್ಡ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ದಿನಕ್ಕೆ 1.5 ಜಿಬಿ ನೀಡುತ್ತಿದ್ದ ಜಿಯೋದ 28 ದಿನಗಳ ಯೋಜನೆ 239 ರೂಪಾಯಿಯಿಂದ 299 ರೂಪಾಯಿಗೆ ಏರಿತು. ತಿಂಗಳೆಂದರೆ 28 ದಿನವೆಂದು ಲೆಕ್ಕ ಹಿಡಿದಾಗ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಬೇಕಾಗುತ್ತದೆ. ಹಾಗೆ ನೋಡಿದರೆ ವಾರ್ಷಿಕ ವೆಚ್ಚ 3,107 ರೂಪಾಯಿಯಿಂದ 3,887 ರೂಪಾಯಿಗೆ ಹೋಯಿತು. ಈ ಹದಿಮೂರನೆಯ ತಿಂಗಳ ಬಗೆಗೆ ಗ್ರಾಹಕರು ದೂರಿದ ಫಲವಾಗಿ, ಪ್ರತಿ ಕಂಪನಿಯೂ 30 ದಿನಗಳ ಅವಧಿಯ ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸಬಹುದಾದ ಯೋಜನೆಯನ್ನೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. 2024ರ ಡಿಸೆಂಬರಿನಲ್ಲಿ ಡೇಟಾ ಇಲ್ಲದ, ಮಾತು ಮತ್ತು ಸಂದೇಶಕ್ಕೆ ಮಾತ್ರ ಮೀಸಲಾದ ಯೋಜನೆಯೂ ಇರಬೇಕೆಂದು ನಿಯಮ ಮಾಡಿತು. ಮನೆಯ ಹಿರಿಯರ ಫೋನಿಗೆ ಬೇಡದ ಡೇಟಾಕ್ಕೆ ಹಣ ತೆರುವ ಅಗತ್ಯ ಈಗಿಲ್ಲ. ಈ ಹಕ್ಕುಗಳು ಕಾಗದದ ಮೇಲೆ ಇವೆ. ಅಂಗಡಿಯಲ್ಲಿ ಕೇಳಿ ಪಡೆಯುವವರು ಮಾತ್ರ ವಿರಳ.

ದಿನದ ಮಿತಿ ಮುಗಿದೊಡನೆ ಅನೇಕ ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಯುತ್ತದೆ. ಆ ವೇಗದಲ್ಲಿ 5 ಎಂಬಿಯ ಒಂದು ಪಾಠದ ಕಡತ ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ವೀಡಿಯೊ ತರಗತಿಯಂತೂ ಅಸಾಧ್ಯ. ಒಬ್ಬರಿಗೆಂದು ಅಳೆದಿಟ್ಟ 1.5 ಜಿಬಿಯನ್ನು ನಾಲ್ವರು ಹಂಚಿಕೊಂಡಾಗ ಸಂಜೆಯೊಳಗೆ ಅದು ಬರಿದಾಗುವುದು ಸಹಜ. ಆಗ ಯಾರ ಕೆಲಸ ನಿಲ್ಲುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಬಂಧುಗಳೇ, ಉತ್ತರವನ್ನು ಬಹುತೇಕ ಮನೆಗಳು ಬಲ್ಲವು. ಹಾಟ್‌ಸ್ಪಾಟ್ ಇರುವುದು ಗಂಡಸಿನ ಫೋನಿನಲ್ಲಿ. ಅವರು ಬೆಳಿಗ್ಗೆ ಗಾಜುವಾಕದ ಕಾರ್ಖಾನೆಗೋ ಗವರ್ನರ್‌ಪೇಟೆಯ ಅಂಗಡಿಗೋ ಹೊರಟೊಡನೆ ಮನೆಯ ಅಂತರ್ಜಾಲವೂ ಅವರ ಜೇಬಿನಲ್ಲಿ ಹೊರಟುಹೋಗುತ್ತದೆ. ಪತ್ನಿಯ ಸಣ್ಣ ವ್ಯಾಪಾರ, ಮಗಳ ಪ್ರವೇಶ ಪರೀಕ್ಷೆಯ ತಯಾರಿ ಸಂಜೆಯವರೆಗೆ ಕಾಯಬೇಕು. ಸಂಜೆ ಬಂದಾಗ ದಿನದ ಪಾಲಿನಲ್ಲಿ ಅರ್ಧ ಹೊರಗೆಯೇ ಖರ್ಚಾಗಿರುತ್ತದೆ. ಇಲ್ಲಿ ಯಾರೂ ಯಾರನ್ನೂ ಬೇಕೆಂದು ತಡೆದಿಲ್ಲ. ಆದರೂ ತಡೆ ಇದೆ.

ಇದು ಒಂದೆರಡು ಮನೆಗಳ ಮಾತಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆಂಧ್ರಪ್ರದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಪುರುಷರು ಶೇಕಡ 48.8, ಮಹಿಳೆಯರು ಶೇಕಡ 21. ಕರ್ನಾಟಕದಲ್ಲಿ ಪುರುಷರು ಶೇಕಡ 62.4, ಮಹಿಳೆಯರು ಶೇಕಡ 35. ರಾಜ್ಯ ಬದಲಾದರೂ ಅಂತರ ಬದಲಾಗಿಲ್ಲ. ಇದೇ ವಿಜಯವಾಡದ ನಡುಂಬಿ ವಸತಿಗೆ, ಪೂರ್ವ ಚಾಲುಕ್ಯ ಕುಬ್ಜ ವಿಷ್ಣುವರ್ಧನನ ರಾಣಿ ಅಯ್ಯಣ ಮಹಾದೇವಿ ಏಳನೆಯ ಶತಮಾನದಲ್ಲಿ ಮುಸಿನಿಕೊಂಡ ಗ್ರಾಮವನ್ನೇ ದತ್ತಿ ನೀಡಿದ ಸಂಗತಿ ತಾಮ್ರಶಾಸನದಿಂದ ತಿಳಿದುಬರುತ್ತದೆ. ಅಂದು ಒಬ್ಬ ಹೆಣ್ಣುಮಗಳು ಗ್ರಾಮವನ್ನು ತನ್ನ ಹೆಸರಿನಲ್ಲಿ ಕೊಟ್ಟ ಊರಿನಲ್ಲಿ, ಇಂದು ಒಬ್ಬ ತಾಯಿ ತನ್ನ ಹೆಸರಿನ ಸಿಮ್ ಇಲ್ಲದೆ ಕುಳಿತಿರುವುದು ಸಮಾಜಕ್ಕೆ ಶೋಭೆಯಲ್ಲ.

ಹೆಣ್ಣುಮಕ್ಕಳು ಕೆಟ್ಟಾರೆಂಬ ಭಯದಿಂದ ಸಂಪರ್ಕ ಕೊಡದವರೂ ಇದ್ದಾರೆ. ಅವರು ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ ನೀಡಿದ ತೀರ್ಪನ್ನು ಗಮನಿಸಬೇಕು. ಹಾಸ್ಟೆಲಿನಲ್ಲಿ ಸಂಜೆಯ ವೇಳೆ ಮೊಬೈಲ್ ನಿಷೇಧಿಸಿದ್ದನ್ನು ಪ್ರಶ್ನಿಸಿ ವಿದ್ಯಾರ್ಥಿನಿಯೊಬ್ಬಳು ಹೋದಾಗ, ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ಎಚ್ಚರಿಕೆ ಕಲಿಸುವುದು ಪೋಷಕರ ಧರ್ಮ. ಬಾಗಿಲು ಮುಚ್ಚುವುದು ಧರ್ಮವಲ್ಲ.

ಇನ್ನು ನಾಡಿನ ನೀತಿಯ ವಿಚಾರ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿದಾಗ ವಿದ್ಯುತ್ ಕಂಬಗಳು ಸಾಲುಸಾಲಾಗಿ ಉರುಳಿದವು, ಫೋನುಗಳು ಮೂಕವಾದವು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಸುತ್ತಲಿನ ಬಡಾವಣೆಗಳು ಮುಳುಗಿದವು; ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ವಿದ್ಯುತ್ತಿಲ್ಲದ ಮನೆಯ ಮಹಡಿಯ ಮೇಲೆ ಸಿಲುಕಿದವರಿಗೆ ಫೋನಿನಲ್ಲಿ ಉಳಿದ ಬ್ಯಾಟರಿಯೇ ಹೊರಜಗತ್ತಿನ ದಾರಿ. ರಾಜ್ಯ ಸರ್ಕಾರವು 2017ರ ಡಿಸೆಂಬರಿನಲ್ಲಿ ತಿಂಗಳಿಗೆ 149 ರೂಪಾಯಿಗೆ ಅಂತರ್ಜಾಲ ನೀಡುವ ಫೈಬರ್‌ನೆಟ್ ಯೋಜನೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಉದ್ಘಾಟಿಸಿತು. ಉದ್ದೇಶ ಶ್ಲಾಘನೀಯ. ಆದರೆ ಅದರ ತಂತಿಯೂ ವಿದ್ಯುತ್ ಕಂಬಗಳ ಮೇಲೆಯೇ ತೂಗುತ್ತದೆ; ಕಂಬ ಬಿದ್ದರೆ ತಂತಿಯೂ ಬೀಳುತ್ತದೆ. ಆದುದರಿಂದ ತಂತಿಯ ಸಂಪರ್ಕವೂ ಮೊಬೈಲ್ ಹಾಟ್‌ಸ್ಪಾಟೂ ಒಂದಕ್ಕೊಂದು ಆಸರೆಯಾಗಬೇಕು.

ಪ್ರಕೃತಿಯಷ್ಟೇ ಅಲ್ಲ, ಆಡಳಿತವೂ ಸಂಪರ್ಕವನ್ನು ಕಡಿಯುತ್ತದೆ. 2022ರ ಮೇ 24ರಂದು ಜಿಲ್ಲೆಯ ಹೆಸರಿನ ವಿವಾದದಿಂದ ಅಮಲಾಪುರದಲ್ಲಿ ಗಲಭೆಯಾದಾಗ ಕೋನಸೀಮೆಯಲ್ಲಿ ಮೊಬೈಲ್ ಅಂತರ್ಜಾಲವನ್ನು ಹಲವು ದಿನ ನಿಲ್ಲಿಸಲಾಯಿತು. ಶಾಂತಿಪಾಲನೆ ಸರ್ಕಾರದ ಕರ್ತವ್ಯ. ಆದರೆ ಇಂತಹ ಆದೇಶಗಳು ಪ್ರಕಟವಾಗಬೇಕು, ಮಿತವಾಗಿರಬೇಕು, ಅನಿರ್ದಿಷ್ಟ ಕಾಲ ನಡೆಯಕೂಡದು ಎಂದು ಸುಪ್ರೀಂ ಕೋರ್ಟು 2020ರ ಜನವರಿ 10ರಂದೇ ವಿಧಿಸಿದೆ. ಹಾಟ್‌ಸ್ಪಾಟನ್ನೇ ನೆಚ್ಚಿದ ಮನೆಗೆ ಮೊಬೈಲ್ ಅಂತರ್ಜಾಲ ನಿಂತರೆ ಎಲ್ಲವೂ ನಿಂತಂತೆ.

2025ರ ಅಕ್ಟೋಬರ್ 14ರಂದು ಗೂಗಲ್ ಸಂಸ್ಥೆ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ, ಕಡಲಾಳದ ಕೇಬಲ್ಲುಗಳನ್ನು ಆ ತೀರಕ್ಕೆ ತರುವುದಾಗಿ ಸಾರಿತು. ಸಂತೋಷ. ಜಗತ್ತಿನ ದತ್ತಾಂಶ ಬಂದಿಳಿಯುವ ತೀರದಲ್ಲಿ, ಓದುವ ಹುಡುಗಿಯೊಬ್ಬಳು 64 ಕಿಲೋಬಿಟ್ಟಿನಲ್ಲಿ ಒದ್ದಾಡದಂತೆ ನೋಡಿಕೊಳ್ಳಬೇಕೆಂದು ಜನಪ್ರತಿನಿಧಿಗಳನ್ನು ಕೇಳುವುದು ಅತಿಯಾಸೆಯಲ್ಲ.

ಸಮಾಜವು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಮೊದಲನೆಯದು, ಮನೆಯಲ್ಲಿ ಎರಡನೆಯ ಸಿಮ್ ಗೃಹಿಣಿಯ ಹೆಸರಿನಲ್ಲಿ, ಬೇರೆ ಕಂಪನಿಯದಾಗಿ ಇರಲಿ. ಹಾಟ್‌ಸ್ಪಾಟ್ ಪೆಟ್ಟಿಗೆ ಇದ್ದರೆ ಅದು ಮನೆಯಲ್ಲಿಯೇ ಉಳಿಯಲಿ. ಎರಡನೆಯದು, ಹಾಟ್‌ಸ್ಪಾಟಿನ ಪಾಸ್‌ವರ್ಡ್ ಬಲವಾಗಿರಲಿ, ಫೋನುಗಳ ತಾನೇತಾನಾದ ಅಪ್‌ಡೇಟುಗಳನ್ನು ತಡೆದಿಡಲಿ. ಅರಿವಿಲ್ಲದೆ ಡೇಟಾ ಸೋರುವುದು ಅಲ್ಲಿಯೇ. ಮೂರನೆಯದು, ಮಳೆಗಾಲಕ್ಕೆ ಮುನ್ನ ಪವರ್‌ಬ್ಯಾಂಕ್ ಸಿದ್ಧವಿರಲಿ. ನಾಲ್ಕನೆಯದು, ಸಮಾಜದ ಭವನ, ವಿದ್ಯಾರ್ಥಿನಿಲಯಗಳಲ್ಲಿ ಸಾರ್ವಜನಿಕ ವೈಫೈ ತೆರೆಯಬಹುದು. ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ವ್ಯವಸ್ಥೆಯಲ್ಲಿ ಇಂತಹ ಕೇಂದ್ರಕ್ಕೆ ಪರವಾನಗಿಯಾಗಲಿ ಶುಲ್ಕವಾಗಲಿ ಬೇಕಿಲ್ಲ. ಹಬ್ಬದ ಒಂದು ದಿನದ ದೀಪಾಲಂಕಾರಕ್ಕೆ ಆಗುವ ವೆಚ್ಚದಲ್ಲಿ ಎಷ್ಟೋ ಮಕ್ಕಳ ವರ್ಷದ ಓದು ನಡೆಯಬಲ್ಲದು.

ಮನೆಯ ದೀಪವನ್ನು ಯಜಮಾನರು ಕೆಲಸಕ್ಕೆ ಹೋಗುವಾಗ ಆರಿಸಿ ಜೇಬಿಗೆ ಹಾಕಿಕೊಂಡು ಹೋಗುವುದಿಲ್ಲ. ಅಂತರ್ಜಾಲವೂ ಇಂದು ಅಂತಹ ದೀಪವೇ ಆಗಿದೆ. ಮುಂದಿನ ರೀಚಾರ್ಜ್ ಮಾಡಿಸುವ ದಿನ ತಾವೆಲ್ಲರೂ ಈ ಮಾತನ್ನು ಮನೆಯಲ್ಲಿ ಚರ್ಚಿಸಬೇಕೆಂದು ವಿನಂತಿ.