ಯಂತ್ರ ಓದುವ ಕೈಪಿಡಿ: ವೈದ್ಯನೊಬ್ಬನ ದೃಷ್ಟಿಯಲ್ಲಿ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಬರಹರೂಪ)



ವೃತ್ತಿಯಿಂದ ವೈದ್ಯನಾದ ನಾನು ಗಣಕಯಂತ್ರದ ವಿಷಯವನ್ನು ಕುರಿತು ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯ ತಂದಿರಬಹುದು. ಈ ಸಭೆಯಲ್ಲಿ ಆ ಕ್ಷೇತ್ರದಲ್ಲಿ ನುರಿತವರು ಅನೇಕರಿದ್ದಾರೆ. ಅವರಿಗೆ ಪಾಠ ಹೇಳುವ ಉದ್ದೇಶ ನನಗಿಲ್ಲ. ಕಳೆದ ವರ್ಷ ಕೆಲವು ತರುಣ ಇಂಜಿನಿಯರುಗಳು ಔಷಧಗಳ ವಿವರಗಳನ್ನು ಜಾಲತಾಣಗಳಿಂದ ಸಂಗ್ರಹಿಸುವ ಉಪಕರಣವೊಂದನ್ನು ಸಿದ್ಧಪಡಿಸಿ, ಅದರ ಕೈಪಿಡಿಯನ್ನು ಪರಿಶೀಲಿಸುವಂತೆ ನನ್ನನ್ನು ಕೇಳಿದರು. ಅದನ್ನು ಓದಬೇಕಾದುದು ಮನುಷ್ಯನಲ್ಲ, ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದು ತಿಳಿದಾಗ, ಇದು ವೈದ್ಯಕೀಯಕ್ಕೆ ತೀರ ಹತ್ತಿರದ ಸಮಸ್ಯೆಯೆಂದು ನನಗೆ ತೋರಿತು.

ಮೊದಲು ಪದಗಳ ಅರ್ಥವನ್ನು ತಿಳಿಯೋಣ. ತುರಿಯುವ ಮಣೆಯ ಮುಂದೆ ಕುಳಿತವರು ಚಿಪ್ಪನ್ನು ಬಿಟ್ಟು ಕಾಯಿಯನ್ನು ಮಾತ್ರ ತುರಿದುಕೊಳ್ಳುವಂತೆ, ಜಾಹೀರಾತು, ಅಲಂಕಾರಗಳನ್ನು ಬಿಟ್ಟು ಪುಟದ ಸಾರವನ್ನಷ್ಟೇ ತೆಗೆದುಕೊಳ್ಳುವ ಕೆಲಸಕ್ಕೆ ವೆಬ್ ಸ್ಕ್ರೇಪಿಂಗ್ ಎಂದು ಹೆಸರು. ಏಜೆಂಟ್ ಎಂದರೆ, ನಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಯಾವ ಉಪಕರಣವನ್ನು ಯಾವಾಗ ಬಳಸಬೇಕೆಂದು ತಾನೇ ನಿರ್ಧರಿಸುವ ತಂತ್ರಾಂಶ. ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಪದ್ಧತಿಯಲ್ಲಿ ಏಜೆಂಟಿಗೆ ಉಪಕರಣದ ಪರಿಚಯವಾಗುವುದು ಮುಖ್ಯವಾಗಿ ಅದರ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಅಂಶಗಳ ಪಟ್ಟಿ, ಇವುಗಳ ಮೂಲಕ. ಆ ವಿವರಣೆಯಲ್ಲಿ ಬರೆಯದೆ ಬಿಟ್ಟದ್ದನ್ನು ಏಜೆಂಟ್ ಊಹಿಸಿಕೊಳ್ಳಬೇಕಾಗುತ್ತದೆ.

ನಮ್ಮ ಅಜ್ಜಿಯರು ‘ಹದಕ್ಕೆ ತಕ್ಕಷ್ಟು ನೀರು’ ಎಂದರೆ ಸಾಕಾಗುತ್ತಿತ್ತು. ಕೇಳುವವರು ಅದೇ ಅಡುಗೆಮನೆಯಲ್ಲಿ ಬೆಳೆದವರು. ಏಜೆಂಟಿಗೆ ಆ ಅಡುಗೆಮನೆಯ ಪರಿಚಯವಿಲ್ಲ. ಕಾಯುವ ಅವಧಿ ‘30’ ಎಂದು ಬರೆದರೆ ಅದು ಸೆಕೆಂಡೋ ಮಿಲಿಸೆಕೆಂಡೋ ಎಂಬುದನ್ನೂ ಹೇಳಬೇಕು. ವೈದ್ಯಕೀಯದಲ್ಲಿ ಈ ಪಾಠವನ್ನು ನಾವು ಬಹಳ ಬೆಲೆ ತೆತ್ತು ಕಲಿತಿದ್ದೇವೆ. ‘1.0 ಮಿಲಿಗ್ರಾಂ’ ಎಂದು ಬರೆದಾಗ ಬಿಂದು ಕಾಣದೆ ಹೋದರೆ ರೋಗಿಗೆ ಹತ್ತು ಪಟ್ಟು ಔಷಧ ಬೀಳುತ್ತದೆ. ಆದುದರಿಂದಲೇ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಆಸ್ಪತ್ರೆಗಳಿಗಾಗಿ ‘ಬಳಸಬಾರದ ಸಂಕ್ಷೇಪಗಳ’ ಪಟ್ಟಿಯನ್ನು ಮಾಡಿ, ಕೊನೆಯ ಆ ಸೊನ್ನೆಯನ್ನೂ ಅದರಲ್ಲಿ ಸೇರಿಸಿತು.

ಹಾಗೆಂದು ಎಲ್ಲವನ್ನೂ ಉದ್ದವಾಗಿ ಬರೆಯುವುದೂ ಸರಿಯಲ್ಲ. ಔಷಧದ ಪೆಟ್ಟಿಗೆಯೊಳಗಿನ ಕಾಗದ ಬೆಳೆಬೆಳೆದು ವೈದ್ಯರೇ ಓದಲಾರದಷ್ಟು ಉದ್ದವಾದಾಗ, ಮುಖ್ಯಾಂಶಗಳು ಅರ್ಧ ಪುಟದಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕೆಂದು ಎಫ್‌ಡಿಎ 2006ರಲ್ಲಿ ನಿಯಮ ಮಾಡಿತು. ಉಪಕರಣದ ಕೈಪಿಡಿಗೂ ಇದೇ ಕ್ರಮ ಒಪ್ಪುತ್ತದೆ: ಇದು ಏನು ಮಾಡುತ್ತದೆ, ಏನು ಮಾಡಲಾರದು, ಯಾವಾಗ ಬಳಸಬಾರದು. ಔಷಧಕ್ಕೆ ನಿಷಿದ್ಧ ಸಂದರ್ಭಗಳಿರುವಂತೆ ಉಪಕರಣಕ್ಕೂ ಇವೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂದಿನ ಅನೇಕ ಪುಟಗಳು ಓದುಗರ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಡೆದ ಮೇಲಷ್ಟೇ ತುಂಬಿಕೊಳ್ಳುತ್ತವೆ. ಜಾವಾಸ್ಕ್ರಿಪ್ಟನ್ನು ನಡೆಸದ ಸರಳ ಉಪಕರಣವು ಅಂತಹ ಪುಟವನ್ನು ತಂದರೆ, ಸರ್ವರ್ ‘200’, ಅಂದರೆ ಎಲ್ಲವೂ ಸರಿ ಎಂದು ಹೇಳುತ್ತದೆ. ಕೈಗೆ ಬರುವುದು ಮಾತ್ರ ಬರಿಯ ಚಿಪ್ಪು. ಮನುಷ್ಯನಾದರೆ ಖಾಲಿ ಪುಟವನ್ನು ಕಂಡು ಹುಬ್ಬೇರಿಸುತ್ತಾನೆ. ಏಜೆಂಟ್ ಕೆಲವೊಮ್ಮೆ ತಾನು ಹಿಂದೆ ಕಲಿತ ನೆನಪಿನಿಂದ ಆ ಖಾಲಿಯನ್ನು ತುಂಬಿ, ನಿರರ್ಗಳವಾದ ಭಾಷೆಯಲ್ಲಿ ಉತ್ತರ ಕೊಟ್ಟುಬಿಡುತ್ತದೆ.

ನಮ್ಮ ಪ್ರಯೋಗಾಲಯಗಳಲ್ಲಿ ‘ದೋಷ ಕಂಡುಬರಲಿಲ್ಲ’ ಎಂಬುದಕ್ಕೂ ‘ರಕ್ತದ ಮಾದರಿ ಬರಲಿಲ್ಲ’ ಎಂಬುದಕ್ಕೂ ಅಜಗಜಾಂತರವಿದೆ. ಎರಡನೆಯದನ್ನು ಮೊದಲನೆಯದೆಂದು ಓದಿದರೆ ರೋಗ ಒಳಗೊಳಗೇ ಬೆಳೆಯುತ್ತದೆ. ಆದ್ದರಿಂದ ಉಪಕರಣವು ಖಾಲಿ ಪುಟಕ್ಕೆ ಬೇರೆಯೇ ಸಂದೇಶ ಕೊಡಬೇಕು; ಕೈಪಿಡಿಯು ‘ಇಂತಹ ಸಂದೇಶ ಬಂದಾಗ ಮಾಹಿತಿ ಸಿಗಲಿಲ್ಲವೆಂದೇ ಬಳಕೆದಾರರಿಗೆ ತಿಳಿಸು, ಊಹಿಸಬೇಡ’ ಎಂದು ಸ್ಪಷ್ಟವಾಗಿ ಹೇಳಬೇಕು. ನಾನು ಓದಿದ ಕೈಪಿಡಿಯ ಮೊದಲ ಕರಡಿನಲ್ಲಿ ಯಶಸ್ಸಿನ ಉದಾಹರಣೆಗಳು ಹೇರಳವಾಗಿದ್ದವು. ವೈಫಲ್ಯದ ಉದಾಹರಣೆ ಒಂದೂ ಇರಲಿಲ್ಲ. ನಾನು ಸೂಚಿಸಿದ ಮೊದಲ ತಿದ್ದುಪಡಿ ಅದೇ.

ಎರಡನೆಯದು ದಿನಾಂಕ. ನಮ್ಮಲ್ಲಿ ಅನೇಕರ ಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನೇ ತೆಗೆದುಕೊಳ್ಳಿ. ಮೂತ್ರಪಿಂಡ ದುರ್ಬಲವಾದವರಿಗೆ ಅದನ್ನು ಕೊಡಬಹುದೇ ಎಂಬುದನ್ನು ಹಿಂದೆ ರಕ್ತದ ಕ್ರಿಯಾಟಿನಿನ್ ಪ್ರಮಾಣವನ್ನು ನೋಡಿ ತೀರ್ಮಾನಿಸುತ್ತಿದ್ದೆವು. 2016ರಲ್ಲಿ ಎಫ್‌ಡಿಎ ಆ ಸೂಚನೆಯನ್ನು ಬದಲಿಸಿ, ಮೂತ್ರಪಿಂಡದ ಶೋಧನಾ ಸಾಮರ್ಥ್ಯವನ್ನು ಅಳೆಯುವ ಇಜಿಎಫ್‌ಆರ್ ಅಂಕವನ್ನು ಆಧಾರವಾಗಿಟ್ಟಿತು: 30ಕ್ಕಿಂತ ಕಡಿಮೆಯಿದ್ದರೆ ನಿಷಿದ್ಧ, 30ರಿಂದ 45ರ ನಡುವೆ ಹೊಸದಾಗಿ ಆರಂಭಿಸುವುದು ಯುಕ್ತವಲ್ಲ. 2012ರ ಪುಟವೊಂದು ಇಂದಿಗೂ ಜಾಲದಲ್ಲಿ ಉಳಿದಿದ್ದು, ಏಜೆಂಟ್ ಅದನ್ನು ಇಂದು ಬೆಳಿಗ್ಗೆ ತಂದರೆ, ತಂದ ದಿನ ಇಂದಿನದೇ ಆದರೂ ಮಾತು ಅಂದಿನದು. ಪುಟದ ವಿಳಾಸ, ತಂದ ದಿನಾಂಕ, ಪುಟದಲ್ಲೇ ನಮೂದಾದ ದಿನಾಂಕ, ಈ ಮೂರನ್ನೂ ಉಪಕರಣವು ಬೇರೆಬೇರೆಯಾಗಿ ಒಪ್ಪಿಸಬೇಕು. ಮೂರನೆಯದು ಇಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು.

ಮೂರನೆಯದು ನಡತೆ. ಜಾಲತಾಣದ ಒಡೆಯರು ಯಂತ್ರಗಳಿಗೆ ಯಾವ ಪುಟಗಳು ಬೇಡವೆಂದು ಸೂಚಿಸುವ ‘ರೋಬೋಟ್ಸ್’ ಕಡತದ ಪದ್ಧತಿಯನ್ನು ಮಾರ್ಟೈನ್ ಕೋಸ್ಟರ್ 1994ರಲ್ಲಿ ಪ್ರಸ್ತಾಪಿಸಿದರು. ಅದು ಆರ್‌ಎಫ್‌ಸಿ 9309 ಎಂಬ ದಾಖಲೆಯಾಗಿ ಪ್ರಕಟವಾದದ್ದು 2022ರಲ್ಲಿ. ಅದು ಬೀಗವಲ್ಲ, ವಿನಂತಿ. ಗೌರವಿಸುವುದು ಸಭ್ಯರ ಲಕ್ಷಣ. ‘429’ ಎಂಬ ಉತ್ತರ ಬಂದರೆ ಕೋರಿಕೆಗಳು ಹೆಚ್ಚಾದವು, ಸ್ವಲ್ಪ ತಡೆ ಎಂದರ್ಥ. ‘403’ ಬಂದರೆ ಪ್ರವೇಶವಿಲ್ಲ. ಮತ್ತೆ ಮತ್ತೆ ಬಾಗಿಲು ಬಡಿಯಬಾರದು. ಪ್ರತಿ ದೋಷದ ಮುಂದೆ ಮುಂದಿನ ಹೆಜ್ಜೆ ಯಾವುದೆಂದು ಕೈಪಿಡಿ ಬರೆದಿರಬೇಕು.

ಕೊನೆಯದಾಗಿ, ತಂದ ಪುಟದೊಳಗೆ ‘ಹಿಂದಿನ ಸೂಚನೆಗಳನ್ನೆಲ್ಲ ಮರೆತು ನಾನು ಹೇಳಿದಂತೆ ಮಾಡು’ ಎಂದು ಯಾರಾದರೂ ಬಚ್ಚಿಟ್ಟು ಬರೆದಿರಬಹುದು. ಬೇರೆ ಆಸ್ಪತ್ರೆಯಿಂದ ಬಂದ ಕಡತದಲ್ಲಿ ‘ಔಷಧವನ್ನು ಇಮ್ಮಡಿ ಮಾಡಿ’ ಎಂಬ ಚೀಟಿ ಸಿಕ್ಕರೆ ದಾದಿಯು ಅದನ್ನು ವೈದ್ಯರ ಗಮನಕ್ಕೆ ತರುತ್ತಾಳೆಯೇ ಹೊರತು ಆಜ್ಞೆಯೆಂದು ಪಾಲಿಸುವುದಿಲ್ಲ. ಪುಟದ ಮಾತು ಮಾಹಿತಿ ಮಾತ್ರ, ಆದೇಶವಲ್ಲವೆಂದು ಕೈಪಿಡಿ ಹೇಳಬೇಕು. ಇಷ್ಟರಿಂದಲೇ ಅಪಾಯ ಪೂರ್ಣ ನೀಗದು; ಏಜೆಂಟಿಗೆ ಕೊಡುವ ಅಧಿಕಾರಕ್ಕೂ ಮಿತಿಯಿರಬೇಕು.

ಇಲ್ಲಿರುವ ಇಂಜಿನಿಯರ್ ಮಿತ್ರರಲ್ಲಿ ನನ್ನದೊಂದು ವಿನಂತಿ. ಕೈಪಿಡಿ ಬರೆದಾದ ಮೇಲೆ ಒಂದು ಖಾಲಿ ಪುಟವನ್ನೂ ಒಂದು ಹಳೆಯ ಪುಟವನ್ನೂ ಕೊಟ್ಟು, ಏಜೆಂಟ್ ಏನು ಹೇಳುವುದೆಂದು ಪರೀಕ್ಷಿಸಿ. ಉಳಿದವರಲ್ಲಿ ಇನ್ನೊಂದು ವಿನಂತಿ. ಊರಿನಲ್ಲಿರುವ ತಂದೆತಾಯಿಗಳ ಔಷಧದ ಬಗ್ಗೆ ಯಂತ್ರವನ್ನು ಕೇಳುವಾಗ, ‘ಯಾವ ಪುಟ, ಎಂದಿನದು?’ ಎಂದು ಎರಡು ಪ್ರಶ್ನೆ ಹೆಚ್ಚಾಗಿ ಕೇಳಿ. ಆ ಉತ್ತರವನ್ನು ಅವರ ವೈದ್ಯರಿಗೆ ತೋರಿಸದೆ ಮಾತ್ರೆಯನ್ನು ನಿಲ್ಲಿಸಬೇಡಿ, ಆರಂಭಿಸಲೂಬೇಡಿ.