ವಾಚನಾಲಯದ ಬಾಗಿಲಲ್ಲೊಂದು ಬುಟ್ಟಿ

(ವಿಕ್ರೋಳಿಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಮೊಬೈಲಿನಿಂದ ಓದು ಕೆಟ್ಟಿತೇ ಎಂಬುದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಪರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ.

ಇಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ, ಎಂದರೆ ನಮ್ಮ ಹಳಬರ ವಿ.ಟಿ.ಗೆ, ಸ್ಲೋ ಲೋಕಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ನೌಕರಿಯ ದಿನಗಳಲ್ಲಿ ಸೀಟು ಸಿಕ್ಕಿದರೆ ಇಪ್ಪತ್ತು ಪುಟ ಓದಾಗುತ್ತಿತ್ತು; ನಿಂತಿದ್ದರೂ ಹತ್ತಕ್ಕೆ ಕಡಮೆಯಿಲ್ಲ. ಕಳೆದ ತಿಂಗಳು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಮತ್ತೊಮ್ಮೆ ಓದೋಣವೆಂದು ಕೈಯಲ್ಲಿ ಹಿಡಿದು ಹೊರಟೆ. 1979ರಲ್ಲಿ ಹೊರಬಂದ ಆ ಕಾದಂಬರಿ ನಮ್ಮ ಮುಂಬಯಿಯದೇ ಕಥೆ. ಘಾಟಕೋಪರದಲ್ಲಿ ಜೇಬು ಒಮ್ಮೆ ಗುಂಯ್‌ಗುಟ್ಟಿತು, ಕುರ್ಲಾದಲ್ಲಿ ಇನ್ನೊಮ್ಮೆ. ಮೂರನೆಯ ಸಲ ಅದು ಸದ್ದು ಮಾಡಲೇ ಇಲ್ಲ. ಆದರೂ ನಾನಾಗಿಯೇ ತೆಗೆದು ನೋಡಿದೆ. ಇಳಿಯುವಾಗ ಎಣಿಸಿದರೆ ನಾಲ್ಕೇ ಪುಟ!

ಹಾಗೆಂದು ಯಂತ್ರವನ್ನು ಶಪಿಸಲು ನನಗೆ ಬಾಯಿ ಬಾರದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ತೆರೆದ ‘ಭಾರತವಾಣಿ’ಯ ನಿಘಂಟುಗಳು, ಇವೆಲ್ಲ ಊರು ಬಿಟ್ಟು ಬಂದ ನಮ್ಮ ಅಂಗೈಗೇ ಬಂದಿವೆ. 2020ರ ಮಾರ್ಚಿನಲ್ಲಿ ಲೋಕಲು ನಿಂತು ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠ ಸಾಗಿದುದೂ ಇದರಿಂದಲೇ.

ಆದರೆ ದೊರೆಯುವುದು ಬೇರೆ, ಮನಸ್ಸಿಗಿಳಿಯುವುದು ಬೇರೆ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 54 ಅಧ್ಯಯನಗಳನ್ನೂ ಅವುಗಳಲ್ಲಿನ 1,70,000ಕ್ಕೂ ಮಿಕ್ಕ ಓದುಗರನ್ನೂ ಒಟ್ಟುಗೂಡಿಸಿ ನೋಡಿತು. ವಿಷಯ ತಿಳಿಸುವ ಬರಹ ಕಾಗದದ ಮೇಲೆಯೇ ಹೆಚ್ಚು ಅರ್ಥವಾಗುತ್ತದೆ. ಅವಸರದ ಓದಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಕಥೆಗಳಲ್ಲಿ ಮಾತ್ರ ಅಂತರ ಕಾಣಲಿಲ್ಲ.

ನನ್ನ ಮೊಮ್ಮಗಳು ಕನ್ನಡವನ್ನು ಚೆನ್ನಾಗಿ ಆಡುತ್ತಾಳೆ. ಓದಲು ಕುಳಿತರೆ ಒತ್ತಕ್ಷರದ ಬಳಿ ತಡವರಿಸುತ್ತಾಳೆ. ಒಡನೆ ಕೈ ಮೊಬೈಲಿಗೆ ಹೋಗುತ್ತದೆ. ಅಲ್ಲಿ ಯಾರೋ ಓದಿ ಹೇಳುತ್ತಾರೆ. ತಡವರಿಸಿ ತಡವರಿಸಿಯೇ ಅಲ್ಲವೇ ನಾವೆಲ್ಲ ಓದು ಕಲಿತದ್ದು? ಆ ತಡವರಿಕೆಗೆ ಎಡೆಯಿಲ್ಲದಿದ್ದರೆ ಕನ್ನಡವು ನಮ್ಮ ಮನೆಗಳಲ್ಲಿ ಕಿವಿಯ ಭಾಷೆಯಾಗಿ ಉಳಿದೀತು, ಕಣ್ಣಿನ ಭಾಷೆಯಾಗಿ ಅಲ್ಲ.

ಈ ನಗರದ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯಿರಿ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ಲೋಟ ತೊಳೆದು ದಣಿದ ಹುಡುಗರು ಅಲ್ಲಿ ಕಲಿತು ಮುಂದೆ ಬಂದರು. ಅವರಿಗೆ ಪುಸ್ತಕ ಕಡಮೆ, ನಿದ್ದೆಯೂ ಕಡಮೆ. ಆದರೆ ಆ ಹೊತ್ತಿನಲ್ಲಿ ಅವರನ್ನು ಕೂಗಿ ಕರೆಯಲು ಗಿರಾಕಿಯೂ ಇರಲಿಲ್ಲ, ಯಜಮಾನನೂ ಇರಲಿಲ್ಲ. ನಮಗೆ ಪುಸ್ತಕವುಂಟು, ದೀಪವುಂಟು, ಕುರ್ಚಿಯುಂಟು. ಯಾರೂ ಕರೆಯದ ಒಂದು ಗಂಟೆ ಮಾತ್ರ ಇಲ್ಲ.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ನಮ್ಮ ವಾಚನಾಲಯದ ಬಾಗಿಲಲ್ಲಿ ಒಂದು ಬುಟ್ಟಿಯನ್ನಿಡೋಣ. ಸಂಜೆ ಏಳರಿಂದ ಎಂಟರವರೆಗೆ ಎಲ್ಲರ ಮೊಬೈಲುಗಳೂ ಸದ್ದಡಗಿಸಿಕೊಂಡು ಅದರಲ್ಲಿರಲಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಮೇಜಿನ ಬಳಿಯವರಿಗೆ ತಿಳಿಸಿದರಾಯಿತು. ಮಕ್ಕಳಿಗೆ ಮಾತ್ರ ಈ ನಿಯಮ ಹಾಕಿ ದೊಡ್ಡವರು ಜೇಬು ಮುಟ್ಟಿಕೊಳ್ಳುತ್ತಿದ್ದರೆ ಪ್ರಯೋಜನವಿಲ್ಲ. ನಾಳೆ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ. ಬುಟ್ಟಿಗೆ ಬೀಳುವ ಮೊದಲ ಮೊಬೈಲು ನನ್ನದೇ.