ಅರವತ್ತರ ಹೊಸ್ತಿಲಲ್ಲಿ ಕದ್ರಿಯವರ ಸ್ಯಾಕ್ಸೋಫೋನ್

(ಗಂಗಾವತಿಯಲ್ಲಿ ಗಿರಣಿ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಸ್ಯಾಕ್ಸೋಫೋನ್ ನಮ್ಮ ವಾದ್ಯವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಅದನ್ನು ನಿರ್ಮಿಸಿ 1846ರಲ್ಲಿ ಪೇಟೆಂಟ್ ಪಡೆದನು. ಅದು ಮೊದಲು ಸೇರಿದ್ದು ದಂಡಿನ ಬ್ಯಾಂಡಿಗೆ. ಆಮೇಲೆ ಅಮೆರಿಕದ ಕರಿಯ ಜನರ ಕೈಯಲ್ಲಿ ಜಾಜ್ ಸಂಗೀತದ ಕೊರಳಾಯಿತು.

ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತರು. ಆದರೆ ಅದರ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತವೆ. ನಮ್ಮ ರಾಗದಲ್ಲಿ ಸ್ವರ ಜಾರಬೇಕು, ತೂಗಬೇಕು. ಅವರು ವಾದ್ಯವನ್ನೇ ಮಾರ್ಪಡಿಸಿದರು; ವರ್ಷಗಟ್ಟಲೆ ಉಸಿರು ಸವೆಸಿ ಅದರಿಂದ ಗಮಕ ಹೊರಡಿಸಿದರು.

1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಇನ್ನು ಸಾಕೆಂದು ಕೂಡಬಹುದಿತ್ತು. ಕೂಡಲಿಲ್ಲ. 2008ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಹೆಸರಿನ ಅರ್ಥ ‘ಬಂಧುಗಳು’ ಎಂದು. ಅಲ್ಲಿ ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರು, ಡ್ರಮ್ಮು ಒಟ್ಟಿಗಿವೆ. ಹಿರಿಯರು ತಮ್ಮ ರಾಗ ಬಿಟ್ಟಿಲ್ಲ, ಕಿರಿಯರು ತಮ್ಮ ಜಾಜ್ ಬಿಟ್ಟಿಲ್ಲ. ಒಬ್ಬರು ನುಡಿಸುವಾಗ ಇನ್ನೊಬ್ಬರು ಕೇಳುತ್ತಾರೆ; ಕೇಳಿ ಉತ್ತರ ಕೊಡುತ್ತಾರೆ. ವಯಸ್ಸಾದವರು ಕೇಳುವುದನ್ನು ಬಿಡದಿದ್ದರೆ ಅವರ ಕಸುಬಿಗೆ ಮುಪ್ಪಿಲ್ಲ.

2019ರ ಅಕ್ಟೋಬರ್ 11ರಂದು ಕದ್ರಿಯವರು ತೀರಿಕೊಂಡರು. ಧ್ವನಿಮುದ್ರಿಕೆ ಉಳಿದಿದೆ.

ವಾದ್ಯ ಹುಟ್ಟಿದ ಊರಿನದಲ್ಲ, ದುಡಿಸಿಕೊಂಡವನದು. ಕೊಪ್ಪಳ, ಕುಷ್ಟಗಿ, ಯಲಬುರ್ಗಿಯ ಮದುವೆಗಳಲ್ಲಿ ಊದುವ ಬ್ಯಾಂಡಿನವರದೂ ಇದೇ ಉಸಿರಿನ ದುಡಿಮೆ. ಅವರ ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ಮೊದಲ ಪಂಕ್ತಿಯಲ್ಲೇ ಕೂಡ್ರಿಸಿ ಉಣಬಡಿಸಿರಿ.